ವೇಟಿಂಗ್ ಲಿಸ್ಟೂ ಇಲ್ಲದ ಸಾಲು

ತತ್ಕಾಲ್ ಟಿಕೆಟ್ ತೆಗೆದು ರೂಢಿ ಇದ್ದವರಿಗೆ ಬೆಳಗಿನ ಹತ್ತು ಗಂಟೆಯ ಆತಂಕ ಹೊಸದಲ್ಲ. ಎಸಿಗೆ ಹತ್ತು, ಸ್ಲೀಪರ್‌ಗೆ ಹನ್ನೊಂದು. ಹೆಸರು, ವಯಸ್ಸು ಮೊದಲೇ ತುಂಬಿಟ್ಟಿರಬೇಕು, ಒಟಿಪಿ ಬರುವ ಫೋನು ಕೈಯಲ್ಲೇ ಇರಬೇಕು, ಕ್ಯಾಪ್ಚಾದ ಸೊಟ್ಟ ಅಕ್ಷರ ಒಂದೇ ಸಲಕ್ಕೆ ಸರಿಯಾಗಬೇಕು. ಇಷ್ಟಾದ ಮೇಲೂ ಸೀಟು ಸಿಗದಿರಬಹುದು. ಆದರೆ ರೈಲ್ವೆಯನ್ನು ಎಷ್ಟು ಬೈದರೂ ಒಂದು ಮಾತು ಒಪ್ಪಲೇಬೇಕು: ಸೀಟು ಸಿಗದಿದ್ದರೆ ಅದು ಒಂದು ನಂಬರ್ ಕೊಡುತ್ತದೆ. ವೇಟಿಂಗ್ ಲಿಸ್ಟ್ 43. ಅದು 43ರಿಂದ 31ಕ್ಕೆ, 31ರಿಂದ 12ಕ್ಕೆ ಇಳಿಯುವುದನ್ನು ನೋಡುತ್ತಾ, ಚಾರ್ಟ್ ಆಗುವಷ್ಟರಲ್ಲಿ ಬಸ್ಸು ಹುಡುಕಬೇಕೋ ಬೇಡವೋ ಎಂದು ತೀರ್ಮಾನಿಸಬಹುದು.

ಹಳೆಯ ಗೇಮ್ ಕನ್ಸೋಲ್‌ಗಳ, ಅಂದರೆ ವಿಡಿಯೊ ಗೇಮ್ ಯಂತ್ರಗಳ, ಹೊಸ ಅವತಾರಕ್ಕೆ ಪ್ರಿಆರ್ಡರ್ ಮಾಡಲು, ಅಂದರೆ ಬಿಡುಗಡೆಗೆ ಮೊದಲೇ ಕಾಯ್ದಿರಿಸಲು, ಕೂತವರಿಗೆ ಅಷ್ಟೂ ಇಲ್ಲ. ಗುಂಡಿ ಒತ್ತಿದರೆ ಒಂದು ಚಕ್ರ ಸುತ್ತುತ್ತದೆ, ಸುತ್ತಿ ಸುತ್ತಿ ನಿಂತಾಗ 'ಸೋಲ್ಡ್ ಔಟ್' ಎಂದಿರುತ್ತದೆ. ಮುಂದೆ ಎಷ್ಟು ಜನ ಇದ್ದರು, ಒಟ್ಟು ಎಷ್ಟು ಪೆಟ್ಟಿಗೆ ಇತ್ತು, ಇನ್ನೊಂದು ಸಲ ಬರುತ್ತದೋ ಇಲ್ಲವೋ, ಒಂದೂ ಗೊತ್ತಾಗುವುದಿಲ್ಲ. ಕನ್ಸೋಲ್ ಸಿಗಲಿಲ್ಲ ಎಂಬ ಬೇಸರ ಎರಡು ದಿನದಲ್ಲಿ ಹೋಗುತ್ತದೆ. ಸಾಲಿನಲ್ಲಿ ತಾನು ಎಲ್ಲಿದ್ದೆ ಎಂದೇ ತಿಳಿಯದೆ ಮನೆಗೆ ಕಳಿಸಿದರಲ್ಲ, ಆ ಕಿರಿಕಿರಿ ಹೋಗುವುದಿಲ್ಲ.

ಗ್ರಹಣದ ಮರುರಾತ್ರಿ

2016ರ ನವೆಂಬರಿನಲ್ಲಿ ನಿಂಟೆಂಡೊ ಕಂಪನಿ ಎಂಬತ್ತರ ದಶಕದ ತನ್ನ ಎನ್‌ಇಎಸ್ ಕನ್ಸೋಲನ್ನೇ ಚಿಕ್ಕದಾಗಿಸಿ ಎನ್‌ಇಎಸ್ ಕ್ಲಾಸಿಕ್ ಎಂಬ ಅಂಗೈಯಗಲದ ಪೆಟ್ಟಿಗೆ ತಂದಾಗ ಏನಾಯಿತು ಎಂಬುದು ಈ ಹವ್ಯಾಸದವರಿಗೆಲ್ಲ ಬಾಯಿಪಾಠ. 59.99 ಡಾಲರ್, ಒಳಗೆ 30 ಗೇಮ್, ಮೊದಲ ದಿನವೇ ಖಾಲಿ. ಸರಿಯಾಗಿ ಸಿಗುವ ಮೊದಲೇ, 2017ರ ಏಪ್ರಿಲ್‌ನಲ್ಲಿ, ಉತ್ತರ ಅಮೆರಿಕದಲ್ಲಿ ಇನ್ನು ಮುಂದೆ ಕಳಿಸುವುದಿಲ್ಲ ಎಂದುಬಿಟ್ಟರು. ಅಷ್ಟರಲ್ಲಿ ಜಗತ್ತಿನಾದ್ಯಂತ 23 ಲಕ್ಷ ಮಾರಿದ್ದರು. ಹಾಗಾಗಿ ಅದೇ ವರ್ಷ ಸೂಪರ್ ಎನ್‌ಇಎಸ್ ಕ್ಲಾಸಿಕ್ ಬರುತ್ತದೆ, ಬೆಲೆ 79.99 ಡಾಲರ್, ಒಳಗೆ 21 ಗೇಮ್, ಅದರಲ್ಲೊಂದು ತೊಂಬತ್ತರ ದಶಕದಲ್ಲಿ ಮಾಡಿ ಮುಗಿಸಿ ಬೀರುವಿನಲ್ಲಿಟ್ಟಿದ್ದ ಸ್ಟಾರ್ ಫಾಕ್ಸ್ 2 ಎಂದು ಗೊತ್ತಾದಾಗ, ಎಲ್ಲರೂ ಈ ಸಲ ಬಿಡಬಾರದು ಎಂದು ತಯಾರಾಗಿಯೇ ಕೂತಿದ್ದರು.

ಜುಲೈ 21ರ ಶುಕ್ರವಾರ ರಾತ್ರಿ ವಾಲ್‌ಮಾರ್ಟ್‌ನಲ್ಲಿ ಯಾವ ಸುಳಿವೂ ಇಲ್ಲದೆ ಪ್ರಿಆರ್ಡರ್ ತೆರೆದುಕೊಂಡಿತು. ಎಚ್ಚರವಿದ್ದವರು ಒತ್ತಿದರು, ಆರ್ಡರ್ ನಂಬರ್ ಬಂತು, ಖುಷಿಪಟ್ಟರು. ಕೆಲವೇ ದಿನಗಳಲ್ಲಿ ಇನ್ನೊಂದು ಮೇಲ್: ತಾಂತ್ರಿಕ ದೋಷದಿಂದ ಆ ಪುಟ ಮೊದಲೇ ತೆರೆದುಕೊಂಡಿತ್ತು, ನಿಮ್ಮ ಆರ್ಡರ್ ರದ್ದು. ಆರ್ಡರ್ ಕನ್ಫರ್ಮೇಶನ್ ಎಂಬ ಪದಕ್ಕೆ ಎಷ್ಟು ತೂಕ ಎಂಬುದು ಆವತ್ತು ಎಷ್ಟೋ ಜನರಿಗೆ ಮೊದಲ ಸಲ ಗೊತ್ತಾಯಿತು. ಅಂಗಡಿಗಳ ನಿಯಮಾವಳಿಯಲ್ಲಿ ಇದು ಮೊದಲಿನಿಂದಲೂ ಇದೆ. ಸಾಮಾನು ಹೊರಡುವ ತನಕ ನಿಮ್ಮದು ಬರೀ ಕೋರಿಕೆ, ಅವರು ಒಪ್ಪಿದ್ದಾರೆ ಎಂದು ಅರ್ಥವಲ್ಲ.

ನಿಜವಾದ ಪ್ರಿಆರ್ಡರ್ ಬಂದದ್ದು ಆಗಸ್ಟ್ 22ಕ್ಕೆ. ಹಿಂದಿನ ಮಧ್ಯಾಹ್ನ ಅಮೆರಿಕದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಖಗ್ರಾಸ ಸೂರ್ಯಗ್ರಹಣ. ಇಡೀ ದೇಶ ಆಕಾಶ ನೋಡಿ ದಣಿದು ಮಲಗಿದೆ. ಪೂರ್ವ ಕರಾವಳಿಯ ಗಡಿಯಾರದಲ್ಲಿ ರಾತ್ರಿ ಒಂದರ ಸುಮಾರಿಗೆ ಬೆಸ್ಟ್ ಬೈ ಪುಟ ತೆರೆಯಿತು, ಅದರ ಬೆನ್ನಿಗೇ ಅಮೆಜಾನ್. ಮುಂಚಿತವಾಗಿ ಹೇಳಿದ್ದು ಇಷ್ಟೇ: ಈ ತಿಂಗಳ ಕೊನೆಯೊಳಗೆ. ದಿನವಿಲ್ಲ, ಗಂಟೆಯಿಲ್ಲ. ಬೆಳಿಗ್ಗೆ ಎದ್ದವರಿಗೆ ಸಿಕ್ಕಿದ್ದು ಮುಚ್ಚಿದ ಬಾಗಿಲು. ಉಳಿದ ಅಂಗಡಿಗಳು ಆಮೇಲೆ ಒಂದೊಂದಾಗಿ ತೆರೆದು ಒಂದೊಂದಾಗಿ ಮುಚ್ಚಿದವು. ತಮಾಷೆಯೆಂದರೆ ಭಾರತದಲ್ಲಿ ಆಗ ಬೆಳಿಗ್ಗೆ ಹತ್ತೂವರೆ. ಇಲ್ಲಿದ್ದವರು ಕಾಫಿ ಕುಡಿದು ಕಂಪ್ಯೂಟರ್ ಮುಂದೆ ಕೂತಾಗಿತ್ತು, ಆದರೆ ಅವರ ಕಾರ್ಡು ಅಲ್ಲಿ ನಡೆಯುತ್ತಿರಲಿಲ್ಲ. ಆ ವಿಷಯ ಮುಂದೆ.

ಕೊನೆಗೆ ಏನಾಯಿತು ಎಂದರೆ, ಅಷ್ಟೊಂದು ಪರದಾಡುವ ಅಗತ್ಯವೇ ಇರಲಿಲ್ಲ. ಸೆಪ್ಟೆಂಬರ್ 29ಕ್ಕೆ ಅದು ಅಂಗಡಿಗೆ ಬಂತು, ಆಮೇಲೂ ಬರುತ್ತಲೇ ಇತ್ತು, ಮರುವರ್ಷವೂ ತಯಾರಿಸಿದರು. ಹಳೆಯ ಎನ್‌ಇಎಸ್ ಕ್ಲಾಸಿಕ್ ಕೂಡ 2018ರ ಜೂನ್ 29ಕ್ಕೆ ಮರಳಿ ಬಂತು. ನಿಂಟೆಂಡೊ ಅಮೆರಿಕದ ಆಗಿನ ಮುಖ್ಯಸ್ಥ ರೆಜಿ ಫಿಸ್-ಎಮೆ, ಹರಾಜು ತಾಣಗಳಲ್ಲಿ ಹೆಚ್ಚು ಹಣ ಸುರಿಯಬೇಡಿ ಎಂದು ಬಿಡುಗಡೆಗೆ ಮೊದಲೇ ಬಹಿರಂಗವಾಗಿ ಹೇಳಿದ್ದರು. ಯಾರೂ ನಂಬಲಿಲ್ಲ. ಒಂದು ವರ್ಷ ಮೊದಲು ಮೋಸ ಹೋದ ಭಾವ ಇದ್ದವರು ಯಾಕೆ ನಂಬುತ್ತಾರೆ?

ಗುಂಡಿಯ ಹಿಂದೆ

ಗುಂಡಿ ಒತ್ತಿದ ಕ್ಷಣದಿಂದ ಸೋಲ್ಡ್ ಔಟ್ ತನಕ ಏನು ನಡೆಯುತ್ತದೆ ಎಂದು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಹೆಚ್ಚಿನವರು ಸೋಲುವುದು ಇಲ್ಲಿರುವ ಒಂದು ತಪ್ಪು ಕಲ್ಪನೆಯಿಂದ. ಕಾರ್ಟಿಗೆ ಹಾಕಿದರೆ ಸಾಮಾನು ನಮ್ಮದಾಯಿತು ಎಂದುಕೊಳ್ಳುತ್ತೇವೆ. ನ್ಯಾಯಬೆಲೆ ಅಂಗಡಿ ಮುಂದೆ ಚೀಲ ಇಟ್ಟು ಬಂದ ಹಾಗೆ. ಬಹುಪಾಲು ಅಂತರ್ಜಾಲ ಅಂಗಡಿಗಳಲ್ಲಿ ಕಾರ್ಟು ಚೀಲವಲ್ಲ, ಬರೀ ಚೀಟಿ. ಸಣ್ಣ ಕಂಪನಿಗಳು ಹೆಚ್ಚಾಗಿ ಬಳಸುವ ಶಾಪಿಫೈಯಂಥ ವ್ಯವಸ್ಥೆಯಲ್ಲಿ, ಹಣ ಪಾವತಿಯ ಹಂತ ತಲುಪುವ ತನಕ ದಾಸ್ತಾನಿನಿಂದ ಒಂದೂ ಕಡಿಮೆಯಾಗುವುದಿಲ್ಲ. ಐದು ಸಾವಿರ ಪೆಟ್ಟಿಗೆ ಇದ್ದು ಐವತ್ತು ಸಾವಿರ ಜನ ಕಾರ್ಟಿಗೆ ಹಾಕಿದರೂ ಎಲ್ಲರಿಗೂ ಒಂದೊಂದು ಇದೆ ಎಂದೇ ಕಾಣುತ್ತದೆ. ವಿಳಾಸ ತುಂಬಿ, ಪಿನ್‌ಕೋಡ್ ಹುಡುಕಿ, ಕಾರ್ಡಿನ ಹದಿನಾರು ಅಂಕಿ ಬಡಿಯುವಷ್ಟರಲ್ಲಿ ನಲವತ್ತು ಸೆಕೆಂಡು ಹೋಗುತ್ತದೆ. ಅಷ್ಟರಲ್ಲಿ ಮುಗಿದಿರುತ್ತದೆ.

ಹಾಗಾಗಿ ತಯಾರಿ ಎಂದರೆ ಬೆರಳು ಚುರುಕಾಗಿಸುವುದಲ್ಲ, ಟೈಪ್ ಮಾಡುವುದನ್ನೇ ಇಲ್ಲವಾಗಿಸುವುದು. ಹಿಂದಿನ ದಿನವೇ ಅದೇ ಅಂಗಡಿಯಲ್ಲಿ ಖಾತೆ ತೆರೆದು ವಿಳಾಸ, ಕಾರ್ಡು ಉಳಿಸಿಡಿ. ಸಾಧ್ಯವಿದ್ದರೆ ಯಾವುದಾದರೂ ಅಗ್ಗದ ಕೇಬಲ್ಲೋ ಸ್ಟಿಕ್ಕರೋ ಕೊಂಡು ಆ ಕಾರ್ಡು ಅಲ್ಲಿ ಓಡುತ್ತದೆ ಎಂದು ಖಾತ್ರಿ ಮಾಡಿಕೊಳ್ಳಿ. ಒಂದು ಫೋನು, ಒಂದು ಕಂಪ್ಯೂಟರ್, ಎರಡು ಬೇರೆ ನೆಟ್‌ವರ್ಕ್. ಮನೆಯ ವೈಫೈ ಒಂದಕ್ಕೆ, ಮೊಬೈಲ್ ಡೇಟಾ ಇನ್ನೊಂದಕ್ಕೆ. ಹತ್ತು ಟ್ಯಾಬ್ ತೆರೆಯುವುದು ಬೇಡ, ಒಂದೇ ಇಂಟರ್ನೆಟ್ ವಿಳಾಸದಿಂದ (ಐಪಿ) ಬಂದ ಹತ್ತು ಕೋರಿಕೆಗಳನ್ನು ಬಾಟ್, ಅಂದರೆ ಮನುಷ್ಯರ ಬದಲು ತಾನೇ ಗುಂಡಿ ಒತ್ತುವ ತಂತ್ರಾಂಶ, ಎಂದುಕೊಂಡು ತಡೆಹಿಡಿಯುವುದೇ ಹೆಚ್ಚು. ಚೆಕ್‌ಔಟ್‌ನಲ್ಲಿ ಕಾಯುವ ಪುಟ ಬಂದರೆ ರಿಫ್ರೆಶ್ ಒತ್ತಬೇಡಿ; ಕೆಲವು ವ್ಯವಸ್ಥೆಗಳಲ್ಲಿ ಅದು ನಿಮ್ಮನ್ನು ಸಾಲಿನ ಬಾಲಕ್ಕೆ ತಳ್ಳುತ್ತದೆ. ಸೋಲ್ಡ್ ಔಟ್ ಬಂದ ಮೇಲೂ ಹದಿನೈದು-ಇಪ್ಪತ್ತು ನಿಮಿಷ ಪುಟ ಬಿಟ್ಟು ಏಳಬೇಡಿ. ಕಾರ್ಡು ನಿರಾಕರಣೆಯಾದವರ, ಒಬ್ಬರೇ ಎರಡು ಮಾಡಿ ಸಿಕ್ಕಿಬಿದ್ದವರ ಪೆಟ್ಟಿಗೆಗಳು ಆ ಹೊತ್ತಿನಲ್ಲಿ ಹಿಂದಿರುಗುತ್ತವೆ.

ಬಾಟ್‌ಗಳ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ 2016ರಲ್ಲಿ ಬಾಟ್ಸ್ ಆಕ್ಟ್ ಎಂಬ ಕಾನೂನು ಬಂದಿದೆ, ಆದರೆ ಅದು ಸಂಗೀತ ಕಚೇರಿ, ಕ್ರೀಡೆ, ನಾಟಕಗಳ ಟಿಕೆಟಿಗೆ ಮಾತ್ರ. ಕನ್ಸೋಲು, ಆಟಿಕೆ ಅದರ ವ್ಯಾಪ್ತಿಗಿಲ್ಲ. ಹಬ್ಬದ ಹೊತ್ತಿನ ಸಾಮಾನಿಗೂ ಅದನ್ನು ಹಿಗ್ಗಿಸುವ ಮಸೂದೆ ಒಂದಕ್ಕಿಂತ ಹೆಚ್ಚು ಸಲ ಮಂಡನೆಯಾಗಿ ಹಾಗೇ ಬಿದ್ದಿದೆ. ಪೊಲೀಸರು ಬಂದು ಸಾಲು ಸರಿಮಾಡುತ್ತಾರೆ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ನಿಜಕ್ಕೂ ಇಲ್ಲವೋ, ಇಟ್ಟುಕೊಂಡಿದ್ದಾರೋ

ಬೇಕೆಂದೇ ಕಡಿಮೆ ಮಾಡುತ್ತಾರೆ ಎಂಬುದು ಎಲ್ಲರ ಬಾಯಲ್ಲೂ ಬರುವ ದೂರು. ಇದಕ್ಕೆ ಒಂದೇ ಉತ್ತರ ಇಲ್ಲ, ಪೆಟ್ಟಿಗೆ ಬಿಚ್ಚಿ ನೋಡಬೇಕು. ಎನ್‌ಇಎಸ್ ಕ್ಲಾಸಿಕ್ ಒಳಗಿದ್ದದ್ದು ಆಲ್‌ವಿನ್ನರ್ ಆರ್16 ಎಂಬ ಚಿಪ್ಪು, 256 ಎಂಬಿ ರ್‍ಯಾಮ್, 512 ಎಂಬಿ ಫ್ಲ್ಯಾಶ್, ಮೇಲೆ ಲಿನಕ್ಸ್. ಅಗ್ಗದ ಟ್ಯಾಬ್ಲೆಟ್‌ನಲ್ಲಿ ಇರುವಂಥ ಸರಕು. ಸೂಪರ್ ಎನ್‌ಇಎಸ್ ಕ್ಲಾಸಿಕ್ ಒಳಗೂ ಅದೇ. ಇದರಲ್ಲಿ ಅಪರೂಪದ ಭಾಗ ಒಂದೂ ಇಲ್ಲ. ಅಲ್ಲಿ ಕೊರತೆ ಬಂದದ್ದು ಅಂದಾಜು ತಪ್ಪಿದ್ದರಿಂದ. ದೀರ್ಘಕಾಲ ಮಾರುವ ಉದ್ದೇಶವೇ ಇರಲಿಲ್ಲ ಎಂದು ಕಂಪನಿಯೇ ಹೇಳಿತ್ತು. ಹಬ್ಬಕ್ಕೆ ಮಾಡಿದ ಚಕ್ಕುಲಿಯನ್ನು ಜನ ವರ್ಷವಿಡೀ ಕೇಳಿದಂತೆ ಆಯಿತು. (ಆ ಪೆಟ್ಟಿಗೆಯ ನಿಜವಾದ ದೋಷ ಬೇರೆ: ಕಂಟ್ರೋಲರ್ ತಂತಿ ಮೂರಡಿಗೂ ಕಡಿಮೆ. ಟಿವಿಗೆ ಮೂಗು ತಾಗಿಸಿ ಆಡಬೇಕು. ಸೂಪರ್ ಎನ್‌ಇಎಸ್‌ನಲ್ಲಿ ಐದಡಿಯ ಹತ್ತಿರಕ್ಕೆ ಬಿಟ್ಟರು.)

ಅನಲಾಗ್ ಕಂಪನಿಯ ಪಾಕೆಟ್ ಇದಕ್ಕೆ ಪೂರ್ತಿ ವಿರುದ್ಧ. ಅದು ನಿಂಟೆಂಡೊದ ಹಳೆಯ ಕೈಯಂತ್ರಗಳಾದ ಗೇಮ್ ಬಾಯ್, ಗೇಮ್ ಬಾಯ್ ಕಲರ್, ಗೇಮ್ ಬಾಯ್ ಅಡ್ವಾನ್ಸ್‌ನ ಅಸಲಿ ಕಾರ್ಟ್ರಿಜ್ (ಗೇಮ್ ಇರುವ ಪ್ಲಾಸ್ಟಿಕ್ ಬಿಲ್ಲೆ) ಹಾಕಿ ಆಡುವ ಕೈಯಂತ್ರ. ಹಳೆಯ ಚಿಪ್ಪನ್ನು ಸಾಫ್ಟ್‌ವೇರಿನಲ್ಲಿ ಅನುಕರಿಸುವ ಬದಲು ಎಫ್‌ಪಿಜಿಎ, ಅಂದರೆ ತಂತಿಜೋಡಣೆಯನ್ನೇ ಬದಲಿಸಿಕೊಳ್ಳಬಲ್ಲ ಚಿಪ್ಪಿನಲ್ಲಿ ಮರುಕಟ್ಟುತ್ತದೆ. ಒಳಗೆ ಅಂಥವು ಎರಡು: ಸೈಕ್ಲೋನ್ 5 ಒಂದು, ಸೈಕ್ಲೋನ್ 10 ಒಂದು. ಪರದೆ 3.5 ಇಂಚು, 1600 ಗುಣಿಲೆ 1440. ಅಸಲಿ ಗೇಮ್ ಬಾಯ್ ಪರದೆ 160 ಗುಣಿಲೆ 144 ಆಗಿತ್ತು. ಅಂದರೆ ಹಳೆಯ ಒಂದು ಚುಕ್ಕೆ ಇಲ್ಲಿ ಹತ್ತು ಅಡ್ಡ ಹತ್ತು ಉದ್ದದ ಚೌಕ. ಆ ಹಸಿರು ಪರದೆಯ ಚುಕ್ಕೆಗಳ ನಡುವಿನ ಸಂದು ಕೂಡ ಬಿಡಿಸಿ ತೋರಿಸುವಷ್ಟು ಜಾಗ ಇದೆ. ಇಂಥ ಚಿಪ್ಪುಗಳನ್ನು ಸಣ್ಣ ಕಂಪನಿ ತಿಂಗಳುಗಟ್ಟಲೆ ಮೊದಲೇ ಹಣ ಕೊಟ್ಟು ಕಾಯ್ದಿರಿಸಬೇಕು. ಒಂದು ಭಾಗ ತಡವಾದರೆ ಉಳಿದ ಇನ್ನೂರು ಭಾಗ ಗೋದಾಮಿನಲ್ಲಿ ಕೂತಿರುತ್ತವೆ.

2020ರ ಆಗಸ್ಟ್ 3ರಂದು ಪೆಸಿಫಿಕ್ ಸಮಯ ಬೆಳಿಗ್ಗೆ ಎಂಟಕ್ಕೆ, ನಮ್ಮ ರಾತ್ರಿ ಎಂಟೂವರೆಗೆ, 199 ಡಾಲರಿಗೆ ಪ್ರಿಆರ್ಡರ್ ತೆರೆದು ನಿಮಿಷಗಳಲ್ಲಿ ಮುಗಿಯಿತು. ಕೊಡುವ ಮಾತು 2021ರ ಮೇ. ಅಷ್ಟರಲ್ಲಿ ಜಗತ್ತಿಗೆಲ್ಲ ಚಿಪ್ ಬರ ಬಂತು. ಮೇ ಅಕ್ಟೋಬರ್ ಆಯಿತು, ಅಕ್ಟೋಬರ್ ಡಿಸೆಂಬರ್ ಆಯಿತು. ಮೊದಲ ಪೆಟ್ಟಿಗೆ ಹೊರಟದ್ದು ಡಿಸೆಂಬರ್ 13ಕ್ಕೆ. ಲೆಕ್ಕ ಹಾಕಿದರೆ 497 ದಿನ. ಅದೇ ಕಂಪನಿಯ ನಿಂಟೆಂಡೊ 64 ಆಧರಿತ '3ಡಿ' ಎಂಬ ಕನ್ಸೋಲಿಗೆ 2024ರ ಅಕ್ಟೋಬರ್ 21ಕ್ಕೆ 249.99 ಡಾಲರ್ ಕೊಟ್ಟವರಿಗೆ ಮೊದಲು ಹೇಳಿದ್ದು 2025ರ ಮೊದಲ ಮೂರು ತಿಂಗಳು; ಹೊರಟದ್ದು ನವೆಂಬರಿನಲ್ಲಿ. ಈ ಸಲ ತಡಕ್ಕೆ ಕೊಟ್ಟ ಕಾರಣಗಳಲ್ಲೊಂದು ಅಮೆರಿಕದ ಹೊಸ ಆಮದು ಸುಂಕ.

ಆದರೆ ಪಾಕೆಟ್ ವಿಷಯದಲ್ಲಿ ಕಂಪನಿ ಮಾಡಿದ ಒಂದು ಕೆಲಸಕ್ಕೆ ಶಹಬ್ಬಾಸ್ ಅನ್ನಲೇಬೇಕು. ಮೊದಲ ಪೆಟ್ಟಿಗೆ ಹೊರಟ ಮರುದಿನ, 2021ರ ಡಿಸೆಂಬರ್ 14ಕ್ಕೆ, ಮತ್ತೆ ಪ್ರಿಆರ್ಡರ್ ತೆರೆದಾಗ 'ಇಷ್ಟೇ ಇರುವುದು' ಎನ್ನಲಿಲ್ಲ. ಬೆಲೆ 20 ಡಾಲರ್ ಏರಿತ್ತು ನಿಜ. ಆದರೆ ಬಂದವರಿಗೆಲ್ಲ ಆರ್ಡರ್ ಕೊಡಲು ಬಿಟ್ಟು ಎ, ಬಿ, ಸಿ ಎಂದು ಗುಂಪು ಮಾಡಿದರು. ಎ ಗುಂಪಿಗೆ 2022ರ ಆರಂಭ, ಬಿ ಗುಂಪಿಗೆ ಅದೇ ವರ್ಷದ ಕೊನೆ, ಸಿ ಗುಂಪಿಗೆ 2023. ಒಂದು ವರ್ಷಕ್ಕೂ ಹೆಚ್ಚು ಕಾಯಬೇಕು ಎಂದು ಮುಖಕ್ಕೆ ಹೊಡೆದಂತೆ ಬರೆದಿತ್ತು, ಜನ ಸುಮ್ಮನೆ ಹಣ ಕಟ್ಟಿದರು. ಸಿ ಗುಂಪಿನವರು ಬೈದುಕೊಂಡರೂ ರಾತ್ರಿ ನಿದ್ದೆಗೆಟ್ಟು ಪುಟ ರಿಫ್ರೆಶ್ ಮಾಡಲಿಲ್ಲ. ಅವರ ಕೈಯಲ್ಲಿ ಒಂದು ಅಕ್ಷರವಾದರೂ ಇತ್ತು.

ವಾಲ್ವ್ ಕಂಪನಿ 2021ರ ಜುಲೈನಲ್ಲಿ ಸ್ಟೀಮ್ ಡೆಕ್ ಎಂಬ ತನ್ನ ಕೈಯಂತ್ರಕ್ಕೆ ಇನ್ನೂ ಜಾಣತನ ತೋರಿತ್ತು: 5 ಡಾಲರ್ ಮುಂಗಡ, ಮತ್ತು ಮೊದಲ 48 ಗಂಟೆ ಹಳೆಯ ಗಿರಾಕಿಗಳಿಗೆ ಮಾತ್ರ ಅವಕಾಶ. ಜಪಾನಿನಲ್ಲಿ 2025ರಲ್ಲಿ ತನ್ನ ಹೊಸ ಕನ್ಸೋಲ್ ಸ್ವಿಚ್ 2ಕ್ಕೆ ನಿಂಟೆಂಡೊ ಲಾಟರಿ ಎತ್ತಿತು. ಹಳೆಯ ಸ್ವಿಚ್‌ನಲ್ಲಿ 50 ಗಂಟೆ ಆಡಿದ ದಾಖಲೆ ಇದ್ದವರಿಗಷ್ಟೇ ಚೀಟಿ. ಸುಮಾರು 22 ಲಕ್ಷ ಜನ ಅರ್ಜಿ ಹಾಕಿದರು. ಬಾಟ್ ಬಳಸುವವನು ಐವತ್ತು ಗಂಟೆ ಕೂತು ಆಡುವುದಿಲ್ಲವಲ್ಲ. ಎರಡೂ ರೆಟ್ರೊ, ಅಂದರೆ ಹಳೆಯ ಯಂತ್ರದ ಮರುಹುಟ್ಟು, ಅಲ್ಲ, ಆದರೆ ವೇಗಕ್ಕೆ ಬಹುಮಾನ ಕೊಡದೆಯೂ ಸಾಲು ನಿಲ್ಲಿಸಬಹುದು ಎಂದು ತೋರಿಸಿದವು. ಕನ್ಸೋಲ್ ಮಾರುವವರು ಮಾಡಲಾರದ ಕೆಲಸವೇನೂ ಅಲ್ಲ. ಐದು ನಿಮಿಷದಲ್ಲಿ ಖಾಲಿಯಾಯಿತು ಎಂಬ ಸುದ್ದಿ ಕೊಡುವ ಪ್ರಚಾರ ವೇಟಿಂಗ್ ಲಿಸ್ಟ್ ಕೊಡುವುದಿಲ್ಲ, ಅಷ್ಟೇ.

ಪಾರದರ್ಶಕ ಪೆಟ್ಟಿಗೆಯೊಳಗೆ

ಖಾಲಿಯಾಗುವ ಭಯ ಜಾಸ್ತಿಯಾದಷ್ಟೂ ಜನ ಕಣ್ಣು ಮುಚ್ಚಿ ಹಣ ಕಟ್ಟುತ್ತಾರೆ. ಅದನ್ನು ನಂಬಿ ಬದುಕುವವರೂ ಇದ್ದಾರೆ. 2016ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಟಾಯ್ ಫೇರ್‌ನಲ್ಲಿ ಕೊಲೆಕೊ ಕಮೀಲಿಯನ್ ಎಂಬ ಹೊಸ ರೆಟ್ರೊ ಕನ್ಸೋಲ್ ಪ್ರದರ್ಶನಕ್ಕಿತ್ತು. ಕವಚ ಅಟಾರಿ ಜಾಗ್ವಾರ್‌ನದು. ಜಾಗ್ವಾರ್ ಸತ್ತ ಮೇಲೆ ಆ ಅಚ್ಚನ್ನು ದಂತವೈದ್ಯರ ಕ್ಯಾಮೆರಾ ಮಾಡುವವರು ಕೊಂಡಿದ್ದರು, ಅವರಿಂದ ಇವರು ಕೊಂಡಿದ್ದರು. ಅದೊಂದೇ ಕತೆಗೆ ಇನ್ನೊಂದು ಲೇಖನ ಬೇಕು. ಇರಲಿ. ಆಟವೇನೋ ಓಡುತ್ತಿತ್ತು. ಆದರೆ ಹಿಂಬದಿಯ ಫೋಟೊ ನೋಡಿದ ಹವ್ಯಾಸಿಗಳಿಗೆ ಸಂಶಯ: ಸಾಕೆಟ್ಟುಗಳ ಜಾಗ, ಅಂತರ ಎಲ್ಲ ನಿಂಟೆಂಡೊದ ಸೂಪರ್ ಎನ್‌ಇಎಸ್ ಜೂನಿಯರ್‌ನಂತೆಯೇ ಇದೆಯಲ್ಲ? ಹಳೆಯ ಯಂತ್ರದ ಬೋರ್ಡನ್ನು ಹೊಸ ಕವಚದಲ್ಲಿ ತುರುಕಿದ್ದಾರೆ ಎಂಬ ಮಾತು ಹಬ್ಬಿತು.

ಅನುಮಾನ ಹೋಗಲಾಡಿಸಲು ತಯಾರಕರು ಪಾರದರ್ಶಕ ಕವಚದ ಇನ್ನೊಂದು ಮಾದರಿಯ ಫೋಟೊ ಹಾಕಿದರು. ಒಳಗಿನ ಹಸಿರು ಬೋರ್ಡು ಚೆನ್ನಾಗಿ ಕಾಣುತ್ತಿತ್ತು. ಎಡವಟ್ಟಾದದ್ದೇ ಅಲ್ಲಿ. ಚಿಪ್ಪುಗಳ ಜಾಗ ನೋಡಿ ಜನ ಕೆಲವೇ ಗಂಟೆಗಳಲ್ಲಿ ಪತ್ತೆ ಹಚ್ಚಿದರು: ಅದು ಕಂಪ್ಯೂಟರಿಗೆ ಹಾಕುವ ಹಳೆಯ ವಿಡಿಯೊ ಕ್ಯಾಪ್ಚರ್ ಕಾರ್ಡು, ಕಣ್ಗಾವಲು ಕ್ಯಾಮೆರಾಗಳ ರೆಕಾರ್ಡಿಂಗಿಗೆ ಬಳಸುವಂಥದು. ಗೇಮ್ ಆಡಿಸುವ ಯಾವ ಗುಣವೂ ಅದಕ್ಕಿಲ್ಲ. ಹೆಸರು ಬಳಸಲು ಕೊಟ್ಟಿದ್ದ ಕೊಲೆಕೊ ಮಾರ್ಚ್‌ನಲ್ಲಿ ಕೈಬಿಟ್ಟಿತು; ಜನರಿಂದ ಮುಂಗಡ ಹಣ ಎತ್ತುವ ಕಿಕ್‌ಸ್ಟಾರ್ಟರ್ ತಾಣದ ಅಭಿಯಾನ ತೆರೆಯುವ ಮುಂಚೆಯೇ ಎಲ್ಲ ಮುಗಿಯಿತು. ಆ ಬೋರ್ಡಿನ ಫೋಟೊ ಬಾರದಿದ್ದರೆ ಸಾವಿರಾರು ಜನರ ಹಣ ಹೋಗುತ್ತಿತ್ತು.

ಬ್ರಿಟನ್ನಿನ ಸ್ಪೆಕ್ಟ್ರಮ್ ವೇಗಾ ಪ್ಲಸ್ ಎಂಬ ರೆಟ್ರೊ ಕೈಯಂತ್ರದಲ್ಲಿ ಹಣ ಹೋಗಿಯೇ ಹೋಯಿತು. ಅದೇ 2016ರಲ್ಲಿ ಇಂಡಿಗೋಗೋ ಎಂಬ ಅಂಥದೇ ತಾಣದಲ್ಲಿ 5 ಲಕ್ಷ ಪೌಂಡಿಗೂ ಹೆಚ್ಚು ಎತ್ತಿ, 2018ರಲ್ಲಿ ಕೆಲವೇ ಜನರಿಗೆ ಅರೆಬರೆ ಯಂತ್ರ ಕಳಿಸಿ, ಕಂಪನಿ ಮುಚ್ಚಿಹೋಯಿತು.

ಹಣ ಕಟ್ಟುವ ಮುಂಚೆ ಕೇಳಬೇಕಾದದ್ದು ಬಹಳವೇನಿಲ್ಲ. ಬೋರ್ಡಿನ ಎರಡೂ ಬದಿಯ ಫೋಟೊ ಇದೆಯೇ? ಕಂಪನಿಗೆ ಸಂಬಂಧವಿಲ್ಲದ ಯಾರಾದರೂ ಕೈಯಲ್ಲಿ ಹಿಡಿದು ಆಡಿದ್ದಾರೆಯೇ? ಆಟಗಳ ಹಕ್ಕು ಯಾರ ಬಳಿ? ಇದೇ ಜನ ಮೊದಲು ಏನಾದರೂ ಮಾಡಿ ಕಳಿಸಿದ್ದಾರೆಯೇ? ಚಂದದ ಕಂಪ್ಯೂಟರ್ ಚಿತ್ರ ಮಾತ್ರ ಇದ್ದು ಕೆಳಗೆ ಗಂಟೆ-ನಿಮಿಷದ ಇಳಿಗಡಿಯಾರ ಓಡುತ್ತಿದ್ದರೆ, ಗಡಿಯಾರ ಸೊನ್ನೆ ಮುಟ್ಟಲು ಬಿಡಿ.

ಬೆಂಗಳೂರಿನಿಂದ ನೋಡಿದರೆ

ನಮ್ಮ ಕಡೆಯವರಿಗೆ ಇದರ ಮೋಹ ಸ್ವಲ್ಪ ಎರವಲಿನದು. ತೊಂಬತ್ತರ ದಶಕದಲ್ಲಿ ಇಲ್ಲಿ 'ವಿಡಿಯೊ ಗೇಮ್' ಎಂದರೆ ಎನ್‌ಇಎಸ್‌ನ ಜಪಾನಿ ರೂಪವಾದ ಫ್ಯಾಮಿಕಾಮ್‌ನ ನಕಲು, ಅದಕ್ಕೆ 60 ಪಿನ್ನಿನ ಹಳದಿ 'ಕ್ಯಾಸೆಟ್', ಮೇಲೆ '9999 ಇನ್ 1' ಎಂಬ ಚೀಟಿ. ಆ ಕ್ಯಾಸೆಟ್ಟಿನ ದೇವರುಗಳು ಕಾಂಟ್ರಾ, ಡಕ್ ಹಂಟ್, ಟ್ಯಾಂಕ್ ಎಂದು ಕರೆಯುತ್ತಿದ್ದ ಬ್ಯಾಟಲ್ ಸಿಟಿ, ರೋಡ್ ಫೈಟರ್. ಅಮೆರಿಕದ ಎನ್‌ಇಎಸ್ ಕ್ಲಾಸಿಕ್‌ನ ಮೂವತ್ತರಲ್ಲಿ ಈ ನಾಲ್ಕರಲ್ಲಿ ಒಂದೂ ಇಲ್ಲ. ಕಾಂಟ್ರಾ ಬದಲು ಅದರ ಮುಂದಿನ ಭಾಗ ಸೂಪರ್ ಸಿ ಇದೆ. ಮಾರಿಯೊ ಮೂರೂ ಇದ್ದಾನೆ, ಅದೊಂದೇ ಸಮಾಧಾನ. ಬಾಲ್ಯ ಮರಳಿ ಕೊಳ್ಳುತ್ತೇವೆ ಎಂದು ಹೊರಟವರು ಮೊದಲು ಆಟಗಳ ಪಟ್ಟಿ ಓದಿಕೊಳ್ಳುವುದು ಲೇಸು.

ಇಷ್ಟಾದರೂ ಬೇಕೇ ಬೇಕು ಎನ್ನುವವರು ಗಡಿಯಾರದಿಂದ ಶುರು ಮಾಡಬೇಕು. ಪೆಸಿಫಿಕ್ ಸಮಯ ಬೆಳಿಗ್ಗೆ ಎಂಟು ಎಂದರೆ ಬೇಸಿಗೆಯಲ್ಲಿ ನಮ್ಮ ರಾತ್ರಿ 8:30, ಚಳಿಗಾಲದಲ್ಲಿ 9:30. ಅವರು ಮಾರ್ಚ್‌ನಲ್ಲಿ ಒಂದು ಗಂಟೆ ಮುಂದೆ ಹಾಕಿ ನವೆಂಬರಿನಲ್ಲಿ ಹಿಂದೆ ಹಾಕುತ್ತಾರೆ, ನಾವು ಹಾಕುವುದಿಲ್ಲ. ಈ ಒಂದು ಗಂಟೆಯಲ್ಲಿ ಎಷ್ಟೋ ಆರ್ಡರ್ ತಪ್ಪಿವೆ.

ಆಮೇಲೆ ಕಾರ್ಡು. ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಆನ್‌ಲೈನ್ ವ್ಯವಹಾರದ ಸ್ವಿಚ್ ಆನ್ ಇರಬೇಕು, ಅದರ ಮಿತಿಯೂ ಬೆಲೆಗಿಂತ ಮೇಲಿರಬೇಕು. ಹೊಸ ಕಾರ್ಡುಗಳು ಸಾಮಾನ್ಯವಾಗಿ ಅದನ್ನು ಮುಚ್ಚಿಕೊಂಡೇ ಬರುತ್ತವೆ. ಅಮೆರಿಕದ ದೊಡ್ಡ ಅಂಗಡಿಗಳು ಕಾರ್ಡಿನ ಬಿಲ್ಲಿಂಗ್ ವಿಳಾಸವನ್ನು ಬ್ಯಾಂಕಿನ ದಾಖಲೆ ಜೊತೆ ತಾಳೆ ನೋಡುತ್ತವೆ. ನಮ್ಮ ಬ್ಯಾಂಕುಗಳ ಕಾರ್ಡಿಗೆ ಆ ತಾಳೆ ಹೊಂದದೆ ಆರ್ಡರ್ ತಾನಾಗಿ ಬೀಳುವುದು ಸಾಮಾನ್ಯ. ಅಲ್ಲಿನ ಸರಕು ಸಾಗಣೆದಾರರ ಗೋದಾಮಿನ ವಿಳಾಸ ಬಳಸುವವರಿಗೆ ಇನ್ನೊಂದು ಬಲೆ ಇದೆ. 'ಒಂದು ಮನೆಗೆ ಒಂದೇ' ಎಂಬ ನಿಯಮವನ್ನು ಅಂಗಡಿಗಳು ವಿಳಾಸ ನೋಡಿ ಜಾರಿ ಮಾಡುತ್ತವೆ. ಆ ಗೋದಾಮಿನ ವಿಳಾಸ ಸಾವಿರಾರು ಜನರದು, ಸೂಟ್ ನಂಬರ್ ಎರಡನೇ ಸಾಲಿನಲ್ಲಿ ಅಡಗಿರುತ್ತದೆ. ನಿಮಗಿಂತ ಮೊದಲು ಇನ್ಯಾರೋ ಅದೇ ಗೋದಾಮಿಗೆ ಒಂದು ತರಿಸಿದ್ದರೆ ನಿಮ್ಮದು ರದ್ದು. ಅಲ್ಲಿರುವ ಭಾವನೋ ಅತ್ತಿಗೆಯೋ ತಮ್ಮ ಕಾರ್ಡಿನಿಂದ ತಮ್ಮ ಮನೆಗೇ ತರಿಸಿ, ಊರಿಗೆ ಬರುವಾಗ ಕೈಚೀಲದಲ್ಲಿ ತರುವುದು ಈಗಲೂ ಎಲ್ಲಕ್ಕಿಂತ ಭದ್ರ. ಪಾಕೆಟ್‌ನಂಥ ಲಿಥಿಯಂ ಬ್ಯಾಟರಿ ಇರುವ ಯಂತ್ರಕ್ಕಂತೂ ಅದೇ ವಾಸಿ. ಪಾರ್ಸಲ್‌ನಲ್ಲಿ ಕಳಿಸಿದರೆ ಬ್ಯಾಟರಿ ಘೋಷಣೆ, ಚೀಟಿ ಎಲ್ಲ ಸರಿಯಿರಬೇಕು, ಇಲ್ಲದಿದ್ದರೆ ಹೊರಟ ಊರಲ್ಲೇ ಉಳಿಯುತ್ತದೆ.

ಪಾರ್ಸಲ್ಲೇ ಆದರೆ ಸುಂಕದ ಲೆಕ್ಕ ಮೊದಲೇ ಹಾಕಿಡಿ. ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತದೆ, ಲೆಕ್ಕದ ಕ್ರಮ ಬದಲಾಗುವುದಿಲ್ಲ. ಸಾಮಾನಿಗೆ 20,000 ರೂ., ಸಾಗಣೆ-ವಿಮೆಗೆ 4,000 ಎಂದಿಟ್ಟುಕೊಳ್ಳಿ. ಸುಂಕ ಬೀಳುವುದು ಒಟ್ಟು 24,000ದ ಮೇಲೆ. ಮೂಲ ಸುಂಕ ಉದಾಹರಣೆಗೆ ಶೇ. 20 ಎಂದುಕೊಂಡರೆ 4,800. ಅದರ ಹತ್ತನೇ ಒಂದು ಭಾಗ, 480, ಸಮಾಜ ಕಲ್ಯಾಣ ಸರ್‌ಚಾರ್ಜ್. ಈಗ 29,280 ಆಯಿತು, ಐಜಿಎಸ್‌ಟಿ ಇದರ ಮೇಲೆ, ಶೇ. 18 ಎಂದರೆ ಸುಮಾರು 5,270. ಕೈಗೆ ಬರುವಾಗ ಬೆಲೆ 34,550, ಕೊರಿಯರ್‌ನವರ ನಿರ್ವಹಣಾ ಶುಲ್ಕ ಬೇರೆ. ಕೆವೈಸಿ ಕೇಳಿದ ದಿನವೇ ಕಳಿಸಿ, ತಡವಾದರೆ ಗೋದಾಮಿನ ದಿನಬಾಡಿಗೆ ಏರುತ್ತದೆ.

ಕಾಯುವಷ್ಟು ದಿನ ಹಣ ಅವರ ಕೈಯಲ್ಲಿರುತ್ತದೆ ಎಂಬುದನ್ನು ಮರೆಯಬಾರದು. ದೊಡ್ಡ ಅಂಗಡಿಗಳು ಸಾಮಾನ್ಯವಾಗಿ ಸಾಮಾನು ಹೊರಡುವಾಗ ಹಣ ಎಳೆಯುತ್ತವೆ, ಸಣ್ಣ ತಯಾರಕರು ಪೂರ್ತಿ ಹಣ ಮೊದಲೇ. 15,000 ರೂ. ವಿದೇಶಿ ವ್ಯವಹಾರಕ್ಕೆ ಬ್ಯಾಂಕು ಶೇ. 3.5 ಮಾರ್ಕಪ್ ಹಾಕಿದರೆ 525, ಅದರ ಮೇಲೆ ಜಿಎಸ್‌ಟಿ ಸೇರಿ 620ರ ಹತ್ತಿರ. ಆರ್ಡರ್ ರದ್ದಾದರೂ ಇದು ಸಾಮಾನ್ಯವಾಗಿ ಮರಳುವುದಿಲ್ಲ. ಸಾಮಾನು ಬರಲೇ ಇಲ್ಲ ಎಂದು ವೀಸಾ ಕಾರ್ಡಿನಲ್ಲಿ ತಕರಾರು ಹೂಡಲು, ಬರಬೇಕಿದ್ದ ದಿನದಿಂದ 120 ದಿನ ಅವಕಾಶ, ಆದರೆ ಹಣ ಕಟ್ಟಿದ ದಿನದಿಂದ 540 ದಿನ ಮೀರುವಂತಿಲ್ಲ. ಪಾಕೆಟ್‌ನ ಮೊದಲ ಸಾಲಿನವರಿಗೆ 497 ದಿನಕ್ಕೆ ಬಂತು, ಗಡಿಯ ಒಳಗೇ. ಸಿ ಗುಂಪಿನವರಿಗೆ ಆ ಗಡಿ 2023ರ ಜೂನ್ ಮೊದಲ ವಾರಕ್ಕೇ ಮುಗಿಯುತ್ತಿತ್ತು. ಆದ್ದರಿಂದ ಹಣ ಕಟ್ಟಿದ ದಿನವೇ ಕೊಡುವ ತಿಂಗಳು ಬರೆದಿರುವ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ, ಪುಟದಲ್ಲಿ ತಾರೀಕು ಸದ್ದಿಲ್ಲದೆ ಬದಲಾಗುತ್ತದೆ. ಕ್ಯಾಲೆಂಡರಿನಲ್ಲಿ 500ನೇ ದಿನಕ್ಕೆ ಒಂದು ಗುರುತು ಹಾಕಿ.

ಕಾಯುವ ಹೊತ್ತಿನ ಕೆಲಸ

ಅಸಲಿ ಕಾರ್ಟ್ರಿಜ್ ಆಡಿಸುವ ಯಂತ್ರಕ್ಕೆ ಕಾಯುತ್ತಿದ್ದರೆ ಕಾರ್ಟ್ರಿಜ್‌ಗಳನ್ನು ಈಗಲೇ ಹೊರತೆಗೆಯಿರಿ. ಪೆಟ್ಟಿಗೆ ಬಂದ ದಿನ ಗೇಮ್ ಓಡದಿದ್ದರೆ ಎಲ್ಲರೂ ಯಂತ್ರವನ್ನು ದೂರುತ್ತಾರೆ, ಹೆಚ್ಚಿನ ಸಲ ತಪ್ಪು ಕಾರ್ಟ್ರಿಜ್‌ನ ಕಾಲುಗಳದು, ಅಂದರೆ ಯಂತ್ರಕ್ಕೆ ತಾಗುವ ಲೋಹದ ಪಟ್ಟಿಗಳದು. ಗೇಮ್ ಬಾಯ್ ಕಾರ್ಟ್ರಿಜ್ ಬಿಚ್ಚಲು 3.8 ಮಿಮೀ ಗೇಮ್‌ಬಿಟ್ ಎಂಬ ಸ್ಕ್ರೂಡ್ರೈವರ್ ಬೇಕು, ಅಡ್ವಾನ್ಸ್‌ನವಕ್ಕೆ ಮೂರು ಕವಲಿನ ಟ್ರೈವಿಂಗ್. ಪೋಕೆಮಾನ್ ಗೋಲ್ಡ್, ಸಿಲ್ವರ್‌ನಂಥವುಗಳ ಒಳಗೆ ಸಿಆರ್2025 ಬ್ಯಾಟರಿ ಇರುತ್ತದೆ. ಆಟದ ಗಡಿಯಾರ ಓಡಿಸಿ ಓಡಿಸಿ ಇಪ್ಪತ್ತು ವರ್ಷದಲ್ಲಿ ಅದು ಸತ್ತಿರುತ್ತದೆ. ಬದಲಿಸುವಾಗ ಕಿವಿ ಬೆಸುಗೆ ಹಾಕಿರುವ ಬ್ಯಾಟರಿಯನ್ನೇ ತನ್ನಿ, ಬರೀ ಬಿಲ್ಲೆಗೆ ನೇರ ಬೆಸುಗೆ ಇಡಲು ಹೋದರೆ ಬಿಸಿಗೆ ಅದು ಒಡೆಯಬಹುದು. ಹಳೆಯದನ್ನು ಕಿತ್ತ ಕ್ಷಣ ಉಳಿಸಿದ್ದ ಆಟ ಹೋಗುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ, ಇಲ್ಲವೇ ಮೊದಲು ಕಾರ್ಟ್ರಿಜ್ ಓದುವ ಸಾಧನದಿಂದ ಕಂಪ್ಯೂಟರಿಗೆ ನಕಲು ತೆಗೆದಿಡಿ.

ಕಾಲುಗಳಿಗೆ ಬಾಯಿಂದ ಊದಬೇಡಿ. ಎಲ್ಲರೂ ಊದಿಯೇ ಬೆಳೆದವರು, ಆ ಉಸಿರಿನ ತೇವವೇ ಈಗ ತುಕ್ಕಾಗಿ ಕೂತಿರುವುದು. ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹತ್ತಿಕಡ್ಡಿ ಅದ್ದಿ, ಕಾಲುಗಳ ಉದ್ದಕ್ಕೆ, ಒಂದೇ ದಿಕ್ಕಿನಲ್ಲಿ ಒರೆಸಿ. ಮೊದಲ ಕಡ್ಡಿ ಕಾಡಿಗೆಯಷ್ಟು ಕಪ್ಪಾಗುತ್ತದೆ. ಎರಡನೆಯದು ಬೂದಿ ಬಣ್ಣ. ಕಡ್ಡಿ ಬೆಳ್ಳಗೇ ವಾಪಸ್ ಬರುವ ತನಕ ಬದಲಿಸುತ್ತಾ ಹೋಗಿ, ಹತ್ತು ನಿಮಿಷ ಆರಲು ಬಿಟ್ಟು ಕವಚ ಮುಚ್ಚಿ. ಹದಿನೈದು ಕಾರ್ಟ್ರಿಜ್ ಇದ್ದರೆ ಒಂದು ಭಾನುವಾರ ಬೇಕು. ಸಿ ಗುಂಪಿನವರಿಗೆ ಅಂಥ ಭಾನುವಾರಗಳು ಬೇಕಾದಷ್ಟಿದ್ದವು.